ಸಿಮೆಂಟ್ ಹೆಲ್ಕಾಳ ಗುಲಾಬಿ ಗಂಜಿ

"ಏಯ್ ಸಿಮೆಂಟ್! ನಿನ್ನ ಬಕೆಟ್ ಇನ್ನೂ ಅರ್ಧನೂ ತುಂಬಿಲ್ವಾ?"

ಪೈನ್ ಮರದ ಹಿಂದಿನಿಂದ ತೌನೊ ಕೂಗಿದ. ಹೆಲ್ಕಾ ತಲೆ ಎತ್ತಲಿಲ್ಲ. ಪಾಚಿಯ ಮೇಲೆ ಮಂಡಿಯೂರಿ ಕೂತು, ಬಾಚಣಿಗೆಯಂಥ ಹಲ್ಲುಗಳಿರುವ ಡಬ್ಬಿಯನ್ನು ಗಿಡಗಳ ನಡುವೆ ತೂರಿಸಿ ಸರ್ರನೆ ಮೇಲಕ್ಕೆತ್ತಿದಳು. ಕೆಂಪು ಲಿಂಗನ್ ಬೆರ್ರಿಗಳು ಡಬ್ಬಿಯೊಳಗೆ ಉದುರಿದವು. ಜೊತೆಗೆ ಒಂದಿಷ್ಟು ಎಲೆ, ಒಂದು ಸಿಟ್ಟಾದ ಜೇಡ.

"ಇವತ್ತು ಮರಳು ಎಷ್ಟು ಬಕೆಟ್ ಹಾಕ್ತೀಯ? ಜಲ್ಲಿಕಲ್ಲು ನಾನು ಆರಿಸಿಕೊಡ್ಲಾ?"

ಸುತ್ತ ಇದ್ದ ಮಕ್ಕಳೆಲ್ಲ ಕಿಸಕ್ಕನೆ ನಕ್ಕರು. ಒಂದನೇ ಕ್ಲಾಸಿನ ಪುಟ್ಟ ಮಿಂತು ಮಾತ್ರ ನಗಲಿಲ್ಲ. ಅವಳ ಬಾಯಿ ತುಂಬ ಬೆರ್ರಿ ಇತ್ತು. ಹುಳಿಗೆ ಅವಳ ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತ್ತು.

"ಹೆಲ್ಕಾ, ಅವನು ನಿನ್ನ ಯಾಕೆ ಸಿಮೆಂಟ್ ಅಂತಾನೆ?" ಎಂದು ಅವಳು ಕೇಳಿದಳು.

"ಅವನಿಗೆ ಬೇರೆ ಕೆಲಸ ಇಲ್ಲ, ಅದಕ್ಕೆ," ಎಂದಳು ಹೆಲ್ಕಾ.

ಆದರೆ ಕಾರಣ ಇತ್ತು. ಶಾಲೆಯಲ್ಲಿ ಪ್ರತಿ ಸೆಪ್ಟೆಂಬರಿನಲ್ಲಿ ಸುಗ್ಗಿ ಸಂಜೆ ನಡೆಯುತ್ತದೆ. ಹಳ್ಳಿಯವರೆಲ್ಲ ಬರುತ್ತಾರೆ. ಹೋದ ವರ್ಷ ಹೆಲ್ಕಾ ಮನೆಯಲ್ಲೇ ಲಿಂಗನ್ ಬೆರ್ರಿಯ ಕಡೆದ ಗಂಜಿ ಮಾಡಿ ತಂದಿದ್ದಳು. ಬೆರ್ರಿ ಬೇಯಿಸಿ, ರವೆ ಹಾಕಿ ಕುದಿಸಿ, ಕಡೆದು ಕಡೆದು ನೊರೆಯಂತೆ ಹಗುರ ಮಾಡುವ ಗಂಜಿ ಅದು. ಸರಿಯಾಗಿ ಮಾಡಿದರೆ ಗುಲಾಬಿ ಬಣ್ಣಕ್ಕೆ ತಿರುಗಿ ಪಾತ್ರೆ ತುಂಬ ಉಬ್ಬುತ್ತದೆ. ಹೆಲ್ಕಾಳದ್ದು ಉಬ್ಬಲೇ ಇಲ್ಲ. ನೀರಾಗಿಯೇ ಇತ್ತು. ಗಾಬರಿಯಾಗಿ ಅವಳು ಇನ್ನೊಂದು ಹಿಡಿ ರವೆ ಹಾಕಿದಳು. ಆಮೇಲೆ ಇನ್ನೊಂದು ಹಿಡಿ. ಆಮೇಲೆ ಇನ್ನೂ ಒಂದು.

ಶಾಲೆಗೆ ಬರುವಷ್ಟರಲ್ಲಿ ಅದು ಗಟ್ಟಿಯಾಗಿಬಿಟ್ಟಿತ್ತು. ಬಡಿಸಲೆಂದು ತೌನೊ ಸೌಟು ಎತ್ತಿದ. ಸೌಟಿನ ಜೊತೆಗೆ ಇಡೀ ಪಾತ್ರೆಯೇ ಮೇಲೆ ಬಂತು.

"ಸಿಮೆಂಟ್!" ಎಂದು ತೌನೊ ಕೂಗಿದ. ಹಾಲ್ ತುಂಬ ನಗು. ಅವತ್ತಿನಿಂದ ಹೆಲ್ಕಾ ಎಂಬ ಹೆಸರು ಶಾಲೆಯ ರಿಜಿಸ್ಟರಿನಲ್ಲಿ ಮಾತ್ರ ಉಳಿಯಿತು.

ಆ ಗಂಜಿ ತಿಂದವಳು ಅಜ್ಜಿ ಒಬ್ಬಳೇ. ಚಾಕುವಿನಲ್ಲಿ ಕೊಯ್ದು, ಮೇಲೆ ಹಾಲು ಸುರಿದುಕೊಂಡು, ಒಂದಲ್ಲ ಎರಡು ಬಟ್ಟಲು ತಿಂದಿದ್ದಳು. "ಹೊಟ್ಟೆ ಗಟ್ಟಿಯಾಗುತ್ತೆ ಬಿಡು," ಎಂದಷ್ಟೇ ಹೇಳಿದ್ದಳು. ಗಂಜಿ ಮಾಡುವಾಗ ಇದೇ ಅಜ್ಜಿ "ಆರಲಿ ಮಗಾ, ಆರದೆ ಕಡೆಯಬೇಡ" ಎಂದಿದ್ದಳು. ಹೆಲ್ಕಾ ಅದನ್ನು ಕಿವಿಯ ಮೇಲೆ ಹಾಕಿಕೊಂಡಿರಲಿಲ್ಲ. ಆದರೂ ಅಜ್ಜಿ ಯಾಕೆ ಅಷ್ಟು ತಿಂದಳೋ, ಹೆಲ್ಕಾಗೆ ಇವತ್ತಿಗೂ ಅರ್ಥವಾಗಿರಲಿಲ್ಲ.

ಈ ವರ್ಷ ಯಾರು ಯಾವ ತಿಂಡಿಯ ಜವಾಬ್ದಾರಿ ತೆಗೆದುಕೊಳ್ಳುತ್ತೀರಿ ಎಂದು ರೈಯಾ ಟೀಚರ್ ಕ್ಲಾಸಿನಲ್ಲಿ ಕೇಳಿದ್ದರು. ನೀಲಿ ಬೆರ್ರಿಯ ಪೈಗೆ ಕೈಗಳು ಮೇಲೆದ್ದವು. ಬಿಸಿ ಚೀಸಿನ ಮೇಲೆ ಹೊಂಬಣ್ಣದ ಹಿಲ್ಲಾ ಹಣ್ಣಿನ ಜಾಮ್ ಹಾಕಿಕೊಡಲು ಜಗಳವೇ ಆಯಿತು. ಕಡೆದ ಗಂಜಿ ಎಂದಾಗ ಎಲ್ಲರೂ ಹೆಲ್ಕಾಳ ಕಡೆ ತಿರುಗಿ ಮುಸಿಮುಸಿ ನಕ್ಕರು. ಹೆಲ್ಕಾಳ ಮೈ ಉರಿದುಹೋಯಿತು. ಉರಿದ ಮೈಯಲ್ಲಿ ಕೈ ತಾನಾಗಿ ಮೇಲೆದ್ದಿತು.

"ನಾನು ಮಾಡ್ತೀನಿ, ಟೀಚರ್."

"ಹಾಗಾದ್ರೆ ನಾನೂ ಒಂದು ಪಾತ್ರೆ ಮಾಡ್ತೀನಿ," ಎಂದು ತೌನೊ ಕೂಡಲೇ ಎದ್ದು ನಿಂತ. "ಜನಕ್ಕೆ ತಿನ್ನೋಕೆ ಏನಾದ್ರೂ ಬೇಕಲ್ಲ?"

ಹೀಗಾಗಿ ಇವತ್ತು ಸಂಜೆ ಎರಡು ಪಾತ್ರೆ ಗಂಜಿ ಆಗಬೇಕಿತ್ತು. ಇವತ್ತೂ ಕೆಟ್ಟರೆ, ಆರನೇ ಕ್ಲಾಸು ಮುಗಿಯುವ ತನಕ ಹೆಲ್ಕಾ ಸಿಮೆಂಟಾಗಿಯೇ ಇರಬೇಕಿತ್ತು.

ಕಾಡಿನಲ್ಲಿ ಗಾಳಿ ಜೋರಾಯಿತು. ಬರ್ಚ್ ಮರಗಳ ಹಳದಿ ಎಲೆಗಳು ಅಡ್ಡಡ್ಡ ಹಾರತೊಡಗಿದವು. ರೈಯಾ ಟೀಚರ್ ಸೀಟಿ ಊದಿದರು.

"ಬಿರುಗಾಳಿ ಬರೋ ಹಾಗಿದೆ. ಹೊರಡೋಣ! ಎಲ್ಲರೂ ಬೆರ್ರಿ ಇಲ್ಲೇ ತೂರಿಕೊಂಡುಬಿಡಿ."

ಹೆಲ್ಕಾ ಒಂದು ಖಾಲಿ ಬಕೆಟ್ ನೆಲದ ಮೇಲಿಟ್ಟು, ತುಂಬಿದ ಬಕೆಟನ್ನು ತಲೆಯೆತ್ತರಕ್ಕೆ ಹಿಡಿದು ನಿಧಾನವಾಗಿ ಸುರಿದಳು. ಬೆರ್ರಿಗಳು ಟಪಟಪನೆ ಕೆಳಗಿನ ಬಕೆಟಿಗೆ ಬಿದ್ದವು. ಎಲೆ, ಕಡ್ಡಿ, ಕಸ ಎಲ್ಲ ಗಾಳಿಗೆ ಹಾರಿ ತೌನೊನ ಟೋಪಿಯ ಮೇಲೆ ಕೂತವು.

"ಏಯ್!"

"ಸಾರಿ," ಎಂದಳು ಹೆಲ್ಕಾ. ಅವಳಿಗೆ ಸ್ವಲ್ಪವೂ ಸಾರಿ ಅನಿಸಿರಲಿಲ್ಲ.

* * *

ಶಾಲೆಯ ಅಡುಗೆಮನೆಯಲ್ಲಿ ಎರಡು ದೊಡ್ಡ ಪಾತ್ರೆಗಳು ಪಕ್ಕಪಕ್ಕದಲ್ಲಿ ಕುದಿಯುತ್ತಿದ್ದವು. ಬೆರ್ರಿಗಳು ಪಟ್‌ಪಟ್ ಎಂದು ಒಡೆದು ನೀರೆಲ್ಲ ಕಡುಕೆಂಪಾಯಿತು. ಹೆಲ್ಕಾ ಸಕ್ಕರೆ ಹಾಕಿದಳು. ಮಿಂತು ಸ್ಟೂಲಿನ ಮೇಲೆ ನಿಂತು ರವೆಯನ್ನು ಸಣ್ಣಗೆ, ಮಳೆಹನಿಯಂತೆ ಉದುರಿಸಿದಳು. ಹೆಲ್ಕಾ ಗಂಟು ಕಟ್ಟದಂತೆ ಕೈಬಿಡದೆ ತಿರುವಿದಳು.

"ರವೆ ಸಾಕಾ?"

"ಸಾಕು."

"ಇನ್ನೊಂದು ಹಿಡಿ?"

"ಬೇಡ!" ಹೆಲ್ಕಾ ಎಷ್ಟು ಜೋರಾಗಿ ಹೇಳಿದಳೆಂದರೆ ಮಿಂತು ಸ್ಟೂಲಿನಿಂದ ಬೀಳುವುದರಲ್ಲಿದ್ದಳು.

ಗಂಜಿ ಬೆಂದಿತು. ಗಾಳಿಯ ದೆಸೆಯಿಂದ ಎಲ್ಲ ಕೆಲಸವೂ ತಡವಾಗಿತ್ತು. ಆದರೂ ಕಿಟಕಿಯ ಹತ್ತಿರ ಇಟ್ಟು ಆರಿಸಿ, ಆಮೇಲೆ ಮಿಕ್ಸರಿನಲ್ಲಿ ಕಡೆದರೆ ಜನ ಬರುವಷ್ಟರಲ್ಲಿ ಆಗಿಬಿಡುತ್ತದೆ ಎಂದು ಟೀಚರ್ ಲೆಕ್ಕ ಹಾಕಿದರು. ದೊಡ್ಡ ಕರೆಂಟ್ ಮಿಕ್ಸರನ್ನು ಮೇಜಿನ ಮೇಲಿಟ್ಟು, ಓಡುತ್ತದೋ ಇಲ್ಲವೋ ನೋಡಲು ತೌನೊ ಸ್ವಿಚ್ ಹಾಕಿದ. ಖಾಲಿ ಬೋಗುಣಿಯಲ್ಲಿ ಅದು ಗರ್‌ರ್ ಎಂದು ತಿರುಗಿತು.

ಅಷ್ಟರಲ್ಲಿ ದೂರದಲ್ಲೆಲ್ಲೋ ಧಡಾರ್ ಎಂದು ಮರ ಬಿದ್ದ ಸದ್ದು. ಮಿಕ್ಸರ್ ನಿಂತಿತು. ದೀಪ ಹೋಯಿತು. ಫ್ರಿಜ್ ಕೂಡ ಒಮ್ಮೆ ನಡುಗಿ ಸುಮ್ಮನಾಯಿತು.

"ಕರೆಂಟ್ ಹೋಯ್ತು," ಎಂದು ಮಿಂತು ಎಲ್ಲರಿಗೂ ತಿಳಿಸಿದಳು.

ರೈಯಾ ಟೀಚರ್ ಫೋನ್ ಮಾಡಿ ನೋಡಿದರು. ತಂತಿಯ ಮೇಲೆ ಮರ ಬಿದ್ದಿದೆ, ಇವತ್ತು ಕರೆಂಟ್ ಬರುವುದು ಅನುಮಾನ ಎಂದರು ಆ ಕಡೆಯವರು. ಟೀಚರ್ ಸೊಂಟದ ಮೇಲೆ ಕೈಯಿಟ್ಟು ಒಂದು ಗಳಿಗೆ ಯೋಚಿಸಿದರು.

"ಪೈ ಆಗಿದೆ, ಚೀಸಿದೆ. ಹಾಲ್‌ನಲ್ಲಿ ಮೇಣದಬತ್ತಿ ಹಚ್ಚೋಣ. ಗಂಜಿ ಈ ವರ್ಷ ಬೇಡ ಬಿಡಿ ಮಕ್ಕಳೇ. ಕೈಯಲ್ಲಿ ಇಷ್ಟೊಂದು ಕಡೆಯೋದು ಸಾಧ್ಯ ಇಲ್ಲ."

ಬೇಡವಾ? ಈ ವರ್ಷ ಗಂಜಿ ಆಗದಿದ್ದರೆ ಜನಕ್ಕೆ ಹೋದ ವರ್ಷದ್ದೇ ನೆನಪಿರುತ್ತದೆ. ಹೆಲ್ಕಾಳ ಕಣ್ಣು ಅಡುಗೆಮನೆಯೆಲ್ಲ ಸುತ್ತಿತು. ತೆರೆದ ಬಾಗಿಲಿನಾಚೆ ಕ್ರಾಫ್ಟ್ ರೂಮು ಕಾಣಿಸುತ್ತಿತ್ತು. ಅದರ ಗೋಡೆಯ ಮೇಲೆ ಸಾಲಾಗಿ ಕಡಗೋಲುಗಳು ತೂಗುತ್ತಿದ್ದವು.

ಕ್ರಿಸ್‌ಮಸ್ ಮುಗಿದ ಮೇಲೆ ಪ್ರತಿಯೊಬ್ಬರೂ ತಮ್ಮ ಮನೆಯ ಕ್ರಿಸ್‌ಮಸ್ ಮರದ ತುದಿ ಕತ್ತರಿಸಿ ಶಾಲೆಗೆ ತಂದಿದ್ದರು. ಸುತ್ತ ಚಕ್ರದಂತೆ ಚಾಚಿದ ಪುಟ್ಟ ಕೊಂಬೆಗಳನ್ನು ಬೆರಳುದ್ದ ಉಳಿಸಿ, ತೊಗಟೆ ಹೆರೆದು, ಚಾಕುವಿನಲ್ಲಿ ನಯ ಮಾಡಿದ್ದರು. ಅದೇ ಕಡಗೋಲು. ಮಾಡಿದ್ದಕ್ಕೆ ಟೀಚರ್ ಶಭಾಷ್ ಎಂದಿದ್ದರು. ಆಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ.

"ಟೀಚರ್! ಕಡಗೋಲು!" ಎಂದಳು ಹೆಲ್ಕಾ.

ಟೀಚರ್ ಗೋಡೆ ನೋಡಿದರು, ಹೆಲ್ಕಾಳನ್ನು ನೋಡಿದರು. "ಕೈ ಬಿದ್ದುಹೋಗುತ್ತೆ ಕಣೇ."

"ನಮ್ಮಜ್ಜಿ ಕೈ ಇನ್ನೂ ಇದೆ, ಟೀಚರ್."

ಟೀಚರ್ ನಕ್ಕುಬಿಟ್ಟರು. "ಸರಿ. ಮಾಡಿ ನೋಡಿ. ನಾನು ಹಾಲ್‌ಗೆ ಹೋಗ್ತೀನಿ, ಅಲ್ಲಿ ಕತ್ತಲಲ್ಲಿ ಚಿಕ್ಕವರು ಕಿರುಚ್ತಿದಾರೆ."

ಅವರು ಹೊರಟಿದ್ದೇ ತಡ, ತೌನೊ ತನ್ನ ಕಡಗೋಲನ್ನು ಕಿತ್ತು ತಂದ. ಎಲ್ಲರದಕ್ಕಿಂತ ಅಂದವಾದದ್ದು ಅವನದೇ. ಹಿಡಿಯ ಮೇಲೆ ಕರಡಿಯ ಮುಖ ಬೇರೆ ಕೆತ್ತಿದ್ದ. ಆವಿಯಾಡುತ್ತಿದ್ದ ಪಾತ್ರೆಗೆ ಅದನ್ನು ಇಳಿಸಿ ಎರಡು ಅಂಗೈಗಳ ನಡುವೆ ಭರಭರನೆ ತಿರುಗಿಸತೊಡಗಿದ.

"ತೌನೊ, ನಿಲ್ಸು! ಮೊದ್ಲು ಆರಬೇಕು," ಎಂದಳು ಹೆಲ್ಕಾ.

"ಟೈಮೆಲ್ಲಿದೆ? ಜನ ಬರೋ ಹೊತ್ತಾಯ್ತು."

"ಬಿಸಿ ಇದ್ರೆ ಉಬ್ಬಲ್ಲ ಕಣೋ. ನೀರಾಗೇ ಇರುತ್ತೆ."

"ಓಹೋ, ಸಿಮೆಂಟ್ ಕಂಪನಿ ಮೇಡಮ್ ಹೇಳಿಬಿಟ್ರು!" ಎಂದ ತೌನೊ. ಅವನ ಪಕ್ಕದ ಹುಡುಗರು ಹೋ ಎಂದರು. ಅವರೂ ತಮ್ಮ ಕಡಗೋಲು ತಂದು ಅದೇ ಪಾತ್ರೆಗೆ ಇಳಿಸಿದರು.

ಹೆಲ್ಕಾಳ ಕೈಯೂ ತುರಿಸಿತು. ಅವರು ಶುರು ಮಾಡಿಯಾಯಿತು. ತಾನು ಹೀಗೇ ನಿಂತಿದ್ದರೆ ಹಿಂದೆ ಬೀಳುವುದಿಲ್ಲವಾ? ಅವಳು ಕಡಗೋಲನ್ನು ಪಾತ್ರೆಯ ಅಂಚಿನ ತನಕ ಒಯ್ದಳು. ಆವಿ ಮುಖಕ್ಕೆ ರಾಚಿತು. ಹೋದ ವರ್ಷವೂ ಹೀಗೇ ರಾಚಿತ್ತು.

ಅವಳು ಕಡಗೋಲನ್ನು ಪಕ್ಕಕ್ಕಿಟ್ಟಳು. ಕಿಟಕಿಯ ಹತ್ತಿರ ತಾನಾಗಿ ಆರಲು ಈಗ ಹೊತ್ತಿರಲಿಲ್ಲ.

"ಮಿಂತು, ಟೀಚರನ್ನ ಕರ್ಕೊಂಡು ಬಾ. ಈ ಪಾತ್ರೆ ಕೆರೆಗೆ ಹೋಗಬೇಕು."

"ಗಂಜಿಗೆ ಸ್ನಾನನಾ?"

"ಹೂಂ. ಓಡು!"

ಶಾಲೆಯ ಹಿತ್ತಿಲಲ್ಲೇ ಕೆರೆ. ರೈಯಾ ಟೀಚರ್ ದಪ್ಪ ಕೈಗವಸು ಹಾಕಿಕೊಂಡು, ಮುಚ್ಚಳ ಬಿಗಿದ ಪಾತ್ರೆಯನ್ನು ಒತ್ತುಗಾಡಿಯಲ್ಲಿಟ್ಟು ದಡಕ್ಕೆ ತಂದರು. ಮೊಣಕಾಲಿನಷ್ಟೂ ಆಳವಿಲ್ಲದ ಕಡೆ, ಕಲ್ಲುಗಳ ನಡುವೆ ಅದನ್ನು ಕೂರಿಸಿದರು. ಸೆಪ್ಟೆಂಬರಿನ ನೀರು ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಪಾತ್ರೆ ತಾಗಿದ ಕೂಡಲೇ ಚುಂಯ್ ಎಂದಿತು.

ಹೆಲ್ಕಾ ಬೂಟು ಹಾಕಿಕೊಂಡು ನೀರಿನಲ್ಲಿ ನಿಂತಳು. ಕೆನೆ ಕಟ್ಟದಿರಲಿ ಎಂದು ಆಗಾಗ ಮುಚ್ಚಳ ಸರಿಸಿ ತಿರುವಿದಳು. ಗಾಳಿ ಅವಳ ಜಡೆಯನ್ನು ಹಿಡಿದು ಎಳೆಯುತ್ತಿತ್ತು. ಅಡುಗೆಮನೆಯಿಂದ ಕಡಗೋಲುಗಳ ಸದ್ದು, ಹುಡುಗರ ಕೂಗು ಕೇಳಿಸುತ್ತಿತ್ತು. ಸುಮ್ಮನೆ ನಿಲ್ಲುವುದು ಇಷ್ಟು ಕಷ್ಟ ಎಂದು ಅವಳಿಗೆ ಗೊತ್ತಿರಲಿಲ್ಲ.

"ಈಗ ಆಯ್ತಾ?" ಎಂದಳು ಮಿಂತು.

"ಇಲ್ಲ."

"ಈಗ?"

"ಇಲ್ಲ ಮಿಂತು."

"ಈಗಲಾದ್ರೂ?"

ಹೆಲ್ಕಾ ಬಗ್ಗಿ ಪಾತ್ರೆಯ ಹೊಟ್ಟೆಗೆ ಕೆನ್ನೆ ಒತ್ತಿದಳು. ಅಜ್ಜಿ ಹಾಗೇ ನೋಡುತ್ತಿದ್ದಳು. ಪಾತ್ರೆ ಅವಳ ಕೆನ್ನೆಗಿಂತ ತಣ್ಣಗಿತ್ತು.

"ಈಗ!"

* * *

ಅವರು ಪಾತ್ರೆಯನ್ನು ಒಳಗೆ ತಂದಾಗ ತೌನೊ ಬೆವರಿ ನೀರಾಗಿದ್ದ. ಅವನ ಗಂಜಿಯೂ ನೀರಾಗಿತ್ತು. ಕಡುಕೆಂಪು ಬಣ್ಣ ಒಂದಿಷ್ಟೂ ಬದಲಾಗಿರಲಿಲ್ಲ.

"ರವೆ ಕಮ್ಮಿಯಾಗಿದೆ, ಅಷ್ಟೇ," ಎಂದು ಅವನು ಡಬ್ಬಕ್ಕೆ ಕೈ ಹಾಕಿದ.

"ತೌನೊ, ರವೆ ಹಾಕ್ಬೇಡ ಕಣೋ!" ಎಂದಳು ಹೆಲ್ಕಾ.

ಅವನು ಅವಳ ಮುಖವನ್ನೇ ನೋಡುತ್ತ ಒಂದು ಹಿಡಿ ಹಾಕಿದ. ಆಮೇಲೆ ಇನ್ನೊಂದು ಹಿಡಿ.

ಹೆಲ್ಕಾಗೆ ಇನ್ನು ಮಾತಾಡಲು ಪುರಸೊತ್ತಿರಲಿಲ್ಲ. ಅಂಗೈಗಳ ನಡುವೆ ಕಡಗೋಲು ಹಿಡಿದು ತಿರುಗಿಸತೊಡಗಿದಳು. ಮಿಂತು ಪಾತ್ರೆ ಅಲ್ಲಾಡದಂತೆ ತಬ್ಬಿಕೊಂಡಳು. ಉಳಿದ ಹುಡುಗಿಯರೂ ತಮ್ಮ ತಮ್ಮ ಕಡಗೋಲು ತಂದರು. ಎಡ, ಬಲ, ಎಡ, ಬಲ. ಮೊದಲಿಗೆ ಏನೂ ಆಗಲಿಲ್ಲ. ಆಮೇಲೆ ಅಂಚಿನಲ್ಲಿ ಪುಟ್ಟ ಪುಟ್ಟ ಗುಳ್ಳೆ ಎದ್ದವು. ಕಡುಕೆಂಪು ಹೋಗಿ ಬರಿಯ ಕೆಂಪಾಯಿತು.

"ಬಣ್ಣ ಬದಲಾಗ್ತಿದೆ!" ಎಂದು ಮಿಂತು ಕಿರುಚಿದಳು.

ಆದರೆ ತೋಳುಗಳು ಸೋತುಹೋಗಿದ್ದವು. ಒಬ್ಬೊಬ್ಬರೇ ಕಡಗೋಲು ಬಿಟ್ಟು ಕೈ ಕೊಡವಿಕೊಂಡರು. ಹೆಲ್ಕಾಳ ಅಂಗೈ ಉರಿಯುತ್ತಿತ್ತು. ಈಗ ನಿಲ್ಲಿಸಿದರೆ ಇಷ್ಟಕ್ಕೇ ಮುಗಿಯಿತು. ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದು ಕೇಳಿಸಿತು. ಜನ ಬರತೊಡಗಿದ್ದರು.

ಹೆಲ್ಕಾ ತಲೆ ಎತ್ತಿದಳು. ತೌನೊ ಗೋಡೆಗೆ ಒರಗಿ ನಿಂತಿದ್ದ. ಅವನ ಪಾತ್ರೆಯಲ್ಲಿ ಕಡಗೋಲು ತನ್ನಷ್ಟಕ್ಕೆ ನೆಟ್ಟಗೆ ನಿಂತಿತ್ತು. ಕರಡಿ ಚಾವಣಿ ನೋಡುತ್ತಿತ್ತು.

ಶಾಲೆಯಲ್ಲಿ ಎಲ್ಲರಿಗಿಂತ ಗಟ್ಟಿ ತೋಳು ಅವನದು. ಮನೆಯಲ್ಲಿ ಸೌದೆ ಒಡೆಯುವವನು ಅವನೇ. ಅವನನ್ನು ಕರೆಯುವುದಾ? ಒಂದು ವರ್ಷ ಪೂರ್ತಿ ಸಿಮೆಂಟ್ ಅಂದವನನ್ನು?

"ತೌನೊ, ಬಾರೋ. ನಿನ್ನ ತೋಳು ಬೇಕು," ಎಂದಳು ಹೆಲ್ಕಾ.

ತೌನೊ ಅಲ್ಲಾಡಲಿಲ್ಲ. ಆಮೇಲೆ ತನ್ನ ಪಾತ್ರೆಯಿಂದ ಕಡಗೋಲನ್ನು ಕಷ್ಟಪಟ್ಟು ಕಿತ್ತ. ಅದಕ್ಕೆ ಮೆತ್ತಿದ್ದನ್ನು ನಲ್ಲಿಯ ಕೆಳಗೆ ಉಜ್ಜಿ ಉಜ್ಜಿ ತೊಳೆದ. ಹೆಲ್ಕಾಳ ಎದುರಿಗೆ ಬಂದು ಕೂತ. ತಿರುಗಿಸತೊಡಗಿದ.

ಅಬ್ಬಾ, ಅದೇನು ವೇಗ! ಅವನ ಹಿಂದೆಯೇ ಅವನ ಕಡೆಯ ಹುಡುಗರೂ ಬಂದರು. ಯಾರೋ ತಾಳಕ್ಕೆ ಕಾಲು ಕುಟ್ಟಿದರು. ಎಲ್ಲರೂ ಕುಟ್ಟಿದರು. ಕೆಂಪು ಹೋಗಿ ಗುಲಾಬಿಯಾಯಿತು. ಗುಲಾಬಿ ಹೋಗಿ ತಿಳಿಗುಲಾಬಿಯಾಯಿತು. ಗಂಜಿ ಮೆಲ್ಲಗೆ ಉಸಿರೆಳೆದುಕೊಂಡಂತೆ ಉಬ್ಬಿತು. ಅರ್ಧ ಪಾತ್ರೆ ಇದ್ದದ್ದು ಮುಕ್ಕಾಲಾಯಿತು. ಮುಕ್ಕಾಲಿದ್ದದ್ದು ಅಂಚಿಗೆ ಬಂತು.

"ಸಾಕು, ನಿಲ್ಸಿ! ಚೆಲ್ಲಿಹೋಗುತ್ತೆ!" ಎಂದು ಹೆಲ್ಕಾ ಕೂಗಿದಳು. ಅವಳಿಗೆ ನಗು ತಡೆಯಲಾಗಲಿಲ್ಲ.

ಬಾಗಿಲಲ್ಲಿ ನಿಂತಿದ್ದ ರೈಯಾ ಟೀಚರ್ ಮೇಣದಬತ್ತಿ ಎತ್ತಿ ಹಿಡಿದು ನೋಡಿದರು. "ಒಂದು ಪಾತ್ರೆ ಹಳ್ಳಿಗೆಲ್ಲ ಹೇಗೆ ಸಾಲುತ್ತೆ ಅಂದ್ಕೊಂಡೆ. ಇದೇನೇ ಇದು, ಎರಡು ಪಾತ್ರೆಯಷ್ಟಾಗಿದೆ!"

* * *

ಹಾಲ್ ತುಂಬ ಮೇಣದಬತ್ತಿಗಳು. ಮೇಜುಗಳ ಮೇಲೆ ನೀಲಿ ಬೆರ್ರಿಯ ಪೈ, ಚೀಸು, ಹಿಲ್ಲಾ ಜಾಮು. ನಡುವೆ ಹೆಲ್ಕಾಳ ಗುಲಾಬಿ ಗಂಜಿ. ಹೆಲ್ಕಾ ಸೌಟು ಹಿಡಿದು ನಿಂತಿದ್ದಳು. ಜನ ಬಟ್ಟಲು ಚಾಚಿದರು. ಮೇಲೆ ತಣ್ಣನೆ ಹಾಲು ಹೊಯ್ದುಕೊಂಡು, ಚೂರು ಸಕ್ಕರೆ ಉದುರಿಸಿಕೊಂಡು ಬಾಯಿಗಿಟ್ಟರು. ಆಮೇಲೆ ಮತ್ತೆ ಬಂದು ಸಾಲಿನ ಕೊನೆಗೆ ನಿಂತರು.

"ಯಾರು ಮಾಡಿದ್ದು?" ಎಂದು ಅಂಚೆಯಣ್ಣ ಕೇಳಿದ.

"ಹೆಲ್ಕಾ!" ಎಂದು ಮಿಂತು ಮೂಗಿನ ಮೇಲೆ ಗುಲಾಬಿ ನೊರೆ ಮೆತ್ತಿಕೊಂಡು ಕೂಗಿದಳು. "ನಾನು ಪಾತ್ರೆ ಹಿಡ್ಕೊಂಡಿದ್ದೆ!"

ಹೆಲ್ಕಾ! ಸಿಮೆಂಟ್ ಅಲ್ಲ, ಬರೀ ಹೆಲ್ಕಾ. ಹಾಲ್ ತುಂಬ ಆ ಹೆಸರು ಕೇಳಿ ಅವಳಿಗೆ ಕುಣಿಯಬೇಕೆನ್ನಿಸಿತು. ಸೌಟು ಕೈಯಲ್ಲಿತ್ತು, ಆದ್ದರಿಂದ ಕುಣಿಯಲಿಲ್ಲ.

ಅಷ್ಟರಲ್ಲಿ ಪಳಕ್ಕನೆ ದೀಪ ಹೊತ್ತಿಕೊಂಡಿತು. ಅಡುಗೆಮನೆಯಲ್ಲಿ ಸ್ವಿಚ್ ಆರಿಸದೆ ಬಿಟ್ಟಿದ್ದ ಮಿಕ್ಸರ್ ಖಾಲಿ ಬೋಗುಣಿಯಲ್ಲಿ ಗರ್‌ರ್ ಎಂದು ತಿರುಗತೊಡಗಿತು. ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು.

ಬೆಳಕು ಬಂದಾಗ ಹೆಲ್ಕಾಗೆ ಕಾಣಿಸಿತು. ಮೇಜಿನ ತುದಿಯಲ್ಲಿ ಇನ್ನೊಂದು ಪಾತ್ರೆ ಇತ್ತು. ಅದರ ಮೇಲೆ ಯಾರೋ ತಟ್ಟೆ ಮುಚ್ಚಿದ್ದರು. ಪಕ್ಕದಲ್ಲಿ ತೌನೊ ಕೂತಿದ್ದ. ಅವನ ಕಿವಿಗಳು ಲಿಂಗನ್ ಬೆರ್ರಿಯಷ್ಟೇ ಕೆಂಪಾಗಿದ್ದವು. ಅವನ ಹತ್ತಿರ ಯಾರೂ ಬಟ್ಟಲು ಒಡ್ಡುತ್ತಿರಲಿಲ್ಲ.

ಹೆಲ್ಕಾ ತನ್ನ ಬಟ್ಟಲು ಎತ್ತಿಕೊಂಡು ಅಲ್ಲಿಗೆ ಹೋದಳು. ನಾನು ಹೇಳಲಿಲ್ವಾ? ಆ ಮಾತು ಅವಳ ತುದಿನಾಲಿಗೆಯಲ್ಲೇ ಕೂತಿತ್ತು. ಅದರ ಹಿಂದೆ ಇನ್ನೊಂದು ಮಾತೂ ಇತ್ತು. ಅವನೇ ಕೊಟ್ಟಿದ್ದ ಆ ಹೆಸರನ್ನು ಅವನಿಗೇ ತಿರುಗಿಸಿ ಕೊಡಲೆಂದು ಅವಳು ಒಂದು ವರ್ಷದಿಂದ ಜೋಪಾನ ಮಾಡಿ ಇಟ್ಟುಕೊಂಡಿದ್ದಳು.

ತೌನೊ ತಲೆ ಎತ್ತಿದ. ಅವನಿಗೂ ಅದು ಗೊತ್ತಿತ್ತು. ಹೇಳಿಬಿಡು ಎಂಬಂತೆ ಕಾಯುತ್ತಿದ್ದ.

ಹೆಲ್ಕಾ ತಟ್ಟೆ ಸರಿಸಿದಳು. ಒಳಗೆ ಹೂತಿದ್ದ ಸೌಟು ಹಿಡಿದು ಎತ್ತಿದಳು. ಪಾತ್ರೆಯೂ ಜೊತೆಗೇ ಮೇಲೆ ಬಂತು. ಅವಳು ಅದನ್ನು ಮೆಲ್ಲಗೆ ಕೆಳಗಿಟ್ಟಳು. ಬೆಣ್ಣೆಯ ಚಾಕು ತೆಗೆದುಕೊಂಡು ಒಂದು ತುಂಡು ಕೊಯ್ದು ಬಟ್ಟಲಿಗೆ ಹಾಕಿಕೊಂಡಳು. ಮೇಲೆ ಹಾಲು ಸುರಿದು ಒಂದು ದೊಡ್ಡ ಚಮಚ ಬಾಯಿಗಿಟ್ಟಳು. ತುದಿನಾಲಿಗೆಯಲ್ಲಿದ್ದ ಮಾತುಗಳೆಲ್ಲ ಅದರ ಜೊತೆಗೇ ಒಳಗೆ ಹೋದವು.

"ಹೇಗಿದೆ?" ಎಂದು ತೌನೊ ಪಿಸುದನಿಯಲ್ಲಿ ಕೇಳಿದ.

ಹೆಲ್ಕಾ ತುಂಬ ಹೊತ್ತು ಅಗಿದಳು.

"ಹೊಟ್ಟೆ ಗಟ್ಟಿಯಾಗುತ್ತೆ," ಎಂದಳು.

ತೌನೊ ಫಕ್ಕನೆ ನಕ್ಕ. ನಗುತ್ತ ಕಣ್ಣು ಒರೆಸಿಕೊಂಡ.

ಎದುರಿನ ಸಾಲಿನಲ್ಲಿ ಅಜ್ಜಿ ಕೂತಿದ್ದಳು. ಗುಲಾಬಿ ಗಂಜಿಯ ಚಮಚ ಅವಳ ಬಾಯಿಯ ಹತ್ತಿರವೇ ನಿಂತುಬಿಟ್ಟಿತ್ತು. ಅವಳು ಹೆಲ್ಕಾಳನ್ನೇ ನೋಡುತ್ತಿದ್ದಳು. ಹೆಲ್ಕಾಳೂ ಅಜ್ಜಿಯನ್ನು ನೋಡಿದಳು. ಹೋದ ವರ್ಷ ಅಜ್ಜಿಯ ತುದಿನಾಲಿಗೆಯಲ್ಲೂ ನಾನು ಹೇಳಲಿಲ್ವಾ ಎಂಬ ಇದೇ ಮಾತು ಇದ್ದಿರಬೇಕು. ಅದನ್ನು ನುಂಗುವುದಕ್ಕೆ ಅವಳಿಗೆ ಎರಡು ಬಟ್ಟಲು ಬೇಕಾಗಿತ್ತು.

ಹೆಲ್ಕಾ ಉಳಿದದ್ದನ್ನೂ ತಿಂದು ಮುಗಿಸಿ, ಖಾಲಿ ಬಟ್ಟಲನ್ನು ತೌನೊನ ಮುಂದೆ ಚಾಚಿದಳು.

"ಇನ್ನೊಂದು ತುಂಡು ಹಾಕೋ."